ಆಳ ಸಮುದ್ರದ ಟ್ಯೂನ: ಗಾಳದಿಂದ ಕೆಂಡದವರೆಗೆ

ಟ್ಯೂನ ಮೀನನ್ನು ಕೆಂಡದ ಮೇಲೆ ಸುಡುವುದು ಕಷ್ಟದ ಕೆಲಸವೇನಲ್ಲ. ಐದು ನಿಮಿಷ ಸಾಕು. ಆದರೂ ದಿನವಿಡೀ ಸಮುದ್ರದಲ್ಲಿ ಅಲೆದು, ತಾವೇ ಹಿಡಿದು ತಂದ ಮೀನು ತಟ್ಟೆಗೆ ಬಂದಾಗ ಹುಳಿಯಾಗಿ, ಪಿಚಪಿಚ ಅನ್ನಿಸಿ ಬೇಸರವಾಗುವುದು ಎಷ್ಟೋ ಜನರ ಅನುಭವ. ಆಗ ಎಲ್ಲರೂ ಒಲೆಯನ್ನೋ ಮಸಾಲೆಯನ್ನೋ ದೂರುತ್ತಾರೆ. ನಿಜವಾಗಿ ಆ ಮೀನಿನ ರುಚಿ ಹಾಳಾಗಿದ್ದು ದೋಣಿಯಲ್ಲೇ, ಅದು ಮೇಲೆ ಬಂದ ಮೊದಲ ಅರ್ಧ ಗಂಟೆಯಲ್ಲಿ. ಅದಕ್ಕೇ ಈ ಲೇಖನದಲ್ಲಿ ಗ್ರಿಲ್‌ಗಿಂತ ಐಸಿನ ಮಾತೇ ಜಾಸ್ತಿ.

ಬಹುಪಾಲು ಮೀನುಗಳ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ. ಟ್ಯೂನ ಹಾಗಲ್ಲ. ಈಜುವಾಗ ಸ್ನಾಯುಗಳಲ್ಲಿ ಹುಟ್ಟುವ ಬಿಸಿ ನೀರಿಗೆ ಹೋಗದಂತೆ ಹಿಡಿದಿಟ್ಟುಕೊಳ್ಳುವ ರಕ್ತನಾಳಗಳ ಹೆಣಿಗೆ ಅದರ ಮೈಯೊಳಗಿದೆ. ಬಾಯಿ ತೆರೆದು ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಅದರ ಕಿವಿರಿಗೆ ನೀರು ಹಾಯುತ್ತದೆ. ಹಾಗಾಗಿ ಅದು ಯಾವತ್ತೂ ನಿಲ್ಲುವುದಿಲ್ಲ. ಗಾಳಕ್ಕೆ ಸಿಕ್ಕಿ ಒದ್ದಾಡುವಾಗ ಮೈ ಇನ್ನೂ ಬಿಸಿಯಾಗುತ್ತದೆ, ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಸತ್ತ ಮೇಲೆ ಈ ಬಿಸಿಯೂ ಹುಳಿಯೂ ಸೇರಿ ಮಾಂಸವನ್ನು ಒಳಗಿಂದಲೇ ಅರೆಬೇಯಿಸಿಬಿಡುತ್ತವೆ. ಕೆಂಪು ಬಣ್ಣ ಮಾಸಿ, ನೀರು ಬಿಟ್ಟುಕೊಂಡು, ಹೊಳಪೇ ಇಲ್ಲದ ಮಾಂಸ ಉಳಿಯುತ್ತದೆ. ಇದನ್ನು ತಡೆಯಲು ಮಾಡಬೇಕಾದ್ದು ಮೂರೇ: ಮೀನನ್ನು ಬೇಗ ಮೇಲೆತ್ತಬೇಕು, ರಕ್ತ ಬಸಿಯಬೇಕು, ತಕ್ಷಣ ತಣ್ಣಗೆ ಮಾಡಬೇಕು.

ಹೊರಡುವ ಮುನ್ನ

ಮೊದಲು ನಿಯಮ ತಿಳಿದುಕೊಳ್ಳಿ. ಟ್ಯೂನ ಒಂದು ಸಾಗರದ ಈ ತುದಿಯಿಂದ ಆ ತುದಿಗೆ ಹೋಗುವ ಮೀನು. ಹಾಗಾಗಿ ಅದನ್ನು ಹಿಡಿಯುವ ಮಿತಿಗಳನ್ನು ಹಲವು ದೇಶಗಳು ಕೂಡಿ ನಿರ್ಧರಿಸುತ್ತವೆ. ಹಿಂದೂ ಮಹಾಸಾಗರ, ಅಟ್ಲಾಂಟಿಕ್, ಪೆಸಿಫಿಕ್‌ಗೆ ಬೇರೆ ಬೇರೆ ಆಯೋಗಗಳಿವೆ. ಅದರ ಮೇಲೆ ಪ್ರತಿ ದೇಶವೂ ತನ್ನದೇ ಪರವಾನಗಿ, ಕನಿಷ್ಠ ಅಳತೆ, ಒಬ್ಬರಿಗೆ ಎಷ್ಟು ಮೀನು ಅನ್ನುವ ಲೆಕ್ಕ ಇಟ್ಟುಕೊಂಡಿರುತ್ತದೆ. ದೋಣಿಯವರು ನೋಡಿಕೊಳ್ಳುತ್ತಾರೆ ಬಿಡಿ ಎಂದು ಸುಮ್ನೆ ಇರಬೇಡಿ, ನೀವೇ ಕೇಳಿ.

ಯಾವ ಟ್ಯೂನ ಎನ್ನುವುದೂ ಮುಖ್ಯ. ಯಾವ ಜೀವಿ ಅಳಿವಿನ ಅಪಾಯದಲ್ಲಿದೆ ಎಂದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2021ರಲ್ಲಿ ತನ್ನ ಪಟ್ಟಿ ಪರಿಷ್ಕರಿಸಿದಾಗ ಯೆಲ್ಲೋಫಿನ್ ಮತ್ತು ಆಲ್ಬಕೋರ್ ಸದ್ಯಕ್ಕೆ ಹೆಚ್ಚು ಆತಂಕವಿಲ್ಲದ ಗುಂಪಿಗೆ ಬಂದವು. ದಕ್ಷಿಣದ ಬ್ಲೂಫಿನ್ ಮಾತ್ರ ಒಂದು ಮೆಟ್ಟಿಲು ಸುಧಾರಿಸಿದರೂ ಅಳಿವಿನ ಅಂಚಿನಲ್ಲಿರುವ ಗುಂಪಿನಲ್ಲೇ ಉಳಿಯಿತು, ಬಿಗ್‌ಐ ಕೂಡ ಅಪಾಯದ ಸಾಲಿನಲ್ಲಿದೆ. ಕೆಂಡದ ಮೇಲೆ ಸುಡಲು ನನಗೆ ಎಲ್ಲಕ್ಕಿಂತ ಇಷ್ಟವಾಗುವುದು 10ರಿಂದ 30 ಕಿಲೋ ತೂಗುವ ಯೆಲ್ಲೋಫಿನ್. ಒಬ್ಬರೇ ಸಂಭಾಳಿಸಬಹುದು, ಬೇಗ ತಣ್ಣಗಾಗುತ್ತದೆ, ದಪ್ಪ ತುಂಡುಗಳೂ ಸಿಗುತ್ತವೆ. ಸ್ಕಿಪ್‌ಜ್ಯಾಕ್ ಚಿಕ್ಕದು, ಅದರ ಮಾಂಸ ಗಾಢ ಬಣ್ಣದ್ದು, ವಾಸನೆಯೂ ತುಸು ಜಾಸ್ತಿ. ಆದರೆ ಪಾದರಸದ ಅಂಶ ಕಡಿಮೆ. ದೊಡ್ಡ ಟ್ಯೂನಗಳಲ್ಲಿ, ಅದರಲ್ಲೂ ಬಿಗ್‌ಐನಲ್ಲಿ, ಪಾದರಸ ಹೆಚ್ಚು ಸೇರಿರುತ್ತದೆ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಬಿಗ್‌ಐ ತಿನ್ನದಿರುವುದೇ ಒಳ್ಳೆಯದು.

ಇನ್ನು ಐಸ್. ಹಿಡಿಯಬೇಕೆಂದುಕೊಂಡ ಮೀನಿನ ತೂಕಕ್ಕಿಂತ ಕಡಿಮೆ ಐಸ್ ಒಯ್ಯಲೇಬೇಡಿ. ಎರಡು ಪಟ್ಟಿದ್ದರೆ ನೆಮ್ಮದಿ. ಮೀನಿನ ಬಾಲ ಹೊರಗೆ ಉಳಿಯದಷ್ಟು ದೊಡ್ಡದಾದ, ಶಾಖ ತಡೆಯುವ ಪೆಟ್ಟಿಗೆ ಅಥವಾ ಚೀಲ ಬೇಕು. ಹರಿತವಾದ ಚೂಪು ಚಾಕು, ಮಿದುಳಿಗೆ ಚುಚ್ಚಲು ಗಟ್ಟಿ ಮೊನೆಯ ಸಲಾಕೆ, ಉದ್ದನೆಯ ತೆಳು ಉಕ್ಕಿನ ತಂತಿ, ಎಳೆದುಕೊಳ್ಳಲು ಗ್ಯಾಫ್ ಅಂದರೆ ಹಿಡಿಯಿರುವ ದೊಡ್ಡ ಕೊಕ್ಕೆ, ಕೈಗವಸು, ಒರೆಸಲು ಬಟ್ಟೆ. ಇವೆಲ್ಲ ಕೈಗೆ ಸಿಗುವ ಜಾಗದಲ್ಲೇ ಇರಲಿ. ಬಾಡಿಗೆ ದೋಣಿಯಾದರೆ ಹತ್ತುವ ಮುಂಚೆಯೇ ನಾಯಕನನ್ನು ಕೇಳಿ: ಮೀನಿನ ರಕ್ತ ಬಸಿಯುತ್ತೀರಾ, ಐಸ್ ನೀರಿಗೆ ಹಾಕುತ್ತೀರಾ? ಉತ್ತರ ತಡವರಿಸಿದರೆ ಚಾಕುವನ್ನೂ ಐಸನ್ನೂ ನೀವೇ ಒಯ್ಯಿರಿ.

ಮೀನು ಎಲ್ಲಿದೆ ಎಂದು ನೋಡುವುದು

ತೆರೆದ ಸಮುದ್ರ ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಆದರೆ ಟ್ಯೂನಗೆ ಅದು ಒಂದೇ ಥರ ಅಲ್ಲ. ಹಸಿರು ನೀರು ಮುಗಿದು ಕಡುನೀಲಿ ಶುರುವಾಗುವ ಗೆರೆ, ಎರಡು ಪ್ರವಾಹಗಳು ಕೂಡಿ ಕಸಕಡ್ಡಿ ಸಾಲುಗಟ್ಟಿದ ಜಾಗ, ಸಮುದ್ರದ ತಳ ಥಟ್ಟನೆ ಆಳಕ್ಕಿಳಿಯುವ ಅಂಚು, ತೇಲುವ ಮರದ ದಿಮ್ಮಿ, ಇವೆಲ್ಲ ಚಿಕ್ಕ ಮೀನುಗಳು ಸೇರುವ ತಾಣಗಳು. ಅವುಗಳ ಹಿಂದೆಯೇ ಟ್ಯೂನ ಬರುತ್ತದೆ. ನೀರಿನ ಉಷ್ಣತೆ ಸ್ವಲ್ಪ ದೂರದಲ್ಲೇ ಒಂದೆರಡು ಡಿಗ್ರಿ ಬದಲಾದರೆ ಆ ಗಡಿಯ ಗುಂಟ ಹುಡುಕಿ. ಯೆಲ್ಲೋಫಿನ್‌ಗೆ ಬೆಚ್ಚಗಿನ ನೀರೇ ಬೇಕು. 20 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಎಲ್ಲ ಉಪಕರಣಗಳಿಗಿಂತ ಹಕ್ಕಿಗಳನ್ನು ನಂಬಿ. ಮೇಲೆ ಹಾರುತ್ತ ಸುಮ್ಮನೆ ಸಾಗುತ್ತಿದ್ದರೆ ಅವೂ ಹುಡುಕುತ್ತಿವೆ ಎಂದರ್ಥ. ಒಂದೇ ಕಡೆ ಗುಂಪುಗೂಡಿ ನೀರಿಗೆ ಎರಗುತ್ತಿದ್ದರೆ ಕೆಳಗಿನಿಂದ ಟ್ಯೂನಗಳು ಚಿಕ್ಕ ಮೀನನ್ನು ಮೇಲಕ್ಕೆ ಅಟ್ಟುತ್ತಿರಬಹುದು. ಆಗ ದೋಣಿಯನ್ನು ನೇರ ಹಿಂಡಿನ ಮಧ್ಯಕ್ಕೆ ನುಗ್ಗಿಸಬೇಡಿ. ಹಿಂಡು ಒಂದೇ ಕ್ಷಣದಲ್ಲಿ ಆಳಕ್ಕಿಳಿಯುತ್ತದೆ. ಅಂಚಿನಲ್ಲಿ ಬಳಸಿಕೊಂಡು ಹೋಗಿ, ಎರೆ ಮಾತ್ರ ಹಿಂಡಿನ ಮುಂದೆ ಹಾಯುವಂತೆ ನೋಡಿಕೊಳ್ಳಿ. ನಸುಕು ಮತ್ತು ಸಂಜೆ ಒಳ್ಳೆಯ ಹೊತ್ತು.

ಹೊಸಬರಿಗೆ ಟ್ರೋಲಿಂಗ್ ಸುಲಭ, ಅಂದರೆ ಚಲಿಸುವ ದೋಣಿಯ ಹಿಂದೆ ಎರೆಯನ್ನು ಎಳೆದುಕೊಂಡು ಹೋಗುವುದು. ಜಾಲರಿನಂಥ ಕುಚ್ಚಿರುವ ಪ್ಲಾಸ್ಟಿಕ್ ಎರೆಗಳಿಗೆ 6ರಿಂದ 8 ನಾಟ್, ಅಂದರೆ ಗಂಟೆಗೆ ಸುಮಾರು 11ರಿಂದ 15 ಕಿಲೋಮೀಟರ್ ವೇಗ ಸರಿಯಾಗುತ್ತದೆ. ಎಲ್ಲ ದಾರಗಳನ್ನೂ ಒಂದೇ ದೂರಕ್ಕೆ ಬಿಡಬೇಡಿ. ಒಂದು ಹತ್ತಿರ, ಒಂದು ದೂರ, ಒಂದು ಇನ್ನೂ ದೂರ ಇದ್ದರೆ ತಿರುವಿನಲ್ಲಿ ಸಿಕ್ಕಾಗುವುದಿಲ್ಲ, ನೊರೆ ಕಡಿಮೆ ಇರುವ ನೀರಿನಲ್ಲಿ ಎರೆ ಮೀನಿಗೆ ಕಾಣುತ್ತದೆ. ಟ್ಯೂನಗೆ ಕಣ್ಣು ಬಲು ಚುರುಕು. ಅದಕ್ಕೆ ಎರೆಯ ಹತ್ತಿರದ ಕೊನೆಯ ತುಂಡು ದಾರ ಫ್ಲೋರೋಕಾರ್ಬನ್ ಆಗಿರಲಿ, ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಜೀವಂತ ಎರೆ ಬಳಸುವವರು ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ಗಾಳ ಹಾಕಿ. ಮೀನು ಕಚ್ಚಿದಾಗ ಕೋಲನ್ನು ಜಗ್ಗಬಾರದು. ಬರೀ ರೀಲ್ ಸುತ್ತುತ್ತ ದಾರ ಬಿಗಿ ಮಾಡಿದರೆ ಗಾಳ ತಾನೇ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ.

ಎಳೆದಾಟ: ಬೇಗ ಮುಗಿಸಿ

ರೀಲಿನ ಡ್ರ್ಯಾಗ್, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಹಿಡಿಯುವ ಬ್ರೇಕನ್ನು ಕೈಯಂದಾಜಿನಲ್ಲಿ ಇಡಬೇಡಿ. ದಾರದ ತಾಳಿಕೆಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಬಿಗಿ ಇರಲಿ. 24 ಕಿಲೋ ತಾಳುವ ದಾರವಾದರೆ 6ರಿಂದ 8 ಕಿಲೋ. ದಡದಲ್ಲೇ ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಎಳೆದು ನೋಡಿದರೆ ಗೊತ್ತಾಗುತ್ತದೆ.

ಮೊದಲ ಓಟದಲ್ಲಿ ಮೀನು ಎಷ್ಟು ದಾರ ಬೇಕಾದರೂ ಎಳೆದುಕೊಳ್ಳಲಿ, ತಡೆಯಬೇಡಿ. ಅದು ನಿಂತ ಮೇಲೆ ನಿಮ್ಮ ಕೆಲಸ ಶುರು. ಕೋಲನ್ನು ಚಿಕ್ಕ ಚಿಕ್ಕದಾಗಿ ಎತ್ತಿ, ಇಳಿಸುವಾಗ ಸುತ್ತಿಕೊಳ್ಳಿ. ಆಕಾಶಕ್ಕೆ ಎತ್ತುವ ದೊಡ್ಡ ಎಳೆತಗಳಿಂದ ನಿಮಗೆ ಸುಸ್ತಾಗುತ್ತದೆ, ಮೀನಿಗಲ್ಲ. ಕೊನೆಗೆ ಟ್ಯೂನ ದೋಣಿಯ ಕೆಳಗೆ ದೊಡ್ಡ ಸುತ್ತು ಹಾಕತೊಡಗುತ್ತದೆ. ಅದು ಸುತ್ತುತ್ತ ನಿಮ್ಮತ್ತ ಬರುವಾಗ ದಾರ ಸುತ್ತಿ, ದೂರ ಹೋಗುವಾಗ ಸುಮ್ನೆ ಹಿಡಿದುಕೊಳ್ಳಿ. ಪ್ರತಿ ಸುತ್ತಿಗೂ ಒಂದಿಷ್ಟು ಮೇಲೆ ಬರುತ್ತದೆ. ಒಂದೇ ಆಳದಲ್ಲಿ ಹಟ ಹಿಡಿದು ನಿಂತರೆ ದೋಣಿಯನ್ನು ಮೆಲ್ಲಗೆ ಮುಂದೆ ನಡೆಸಿ. ದಾರದ ಕೋನ ಬದಲಾದರೆ ಮೀನು ಮೇಲೇಳುತ್ತದೆ.

ಚಿಕ್ಕ ಕೋಲು, ತೆಳು ದಾರದಲ್ಲಿ ಗಂಟೆಗಟ್ಟಲೆ ಎಳೆದಾಡುವುದು ಕೆಲವರಿಗೆ ಹೆಮ್ಮೆ. ತಿನ್ನಲು ಹಿಡಿಯುವವರು ಹಾಗೆ ಮಾಡಬಾರದು. ಮಾಂಸಕ್ಕೂ ಕೆಟ್ಟದ್ದು, ಮೀನಿಗೂ ಹಿಂಸೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ದೋಣಿಯ ಪಕ್ಕ ಬಂದ ಮೀನಿನ ದಾರವನ್ನು ಯಾವತ್ತೂ ಕೈಗೆ ಬಿಗಿಯಾಗಿ ಸುತ್ತಿಕೊಳ್ಳಬೇಡಿ. ಅದು ಮತ್ತೆ ಆಳಕ್ಕೆ ಹಾರಿದರೆ ಬೆರಳು ಹೋಗಬಹುದು, ಮನುಷ್ಯರೇ ನೀರಿಗೆ ಬಿದ್ದು ಜೀವ ಕಳೆದುಕೊಂಡದ್ದಿದೆ. ಗ್ಯಾಫನ್ನು ತಲೆಗೆ ಹಾಕಿ. ಹೊಟ್ಟೆಗೋ ಬೆನ್ನಿಗೋ ಹಾಕಿದರೆ ನೀವು ತಿನ್ನಬೇಕಾದ ಮಾಂಸವೇ ಹರಿದು, ರಕ್ತ ಹೆಪ್ಪುಗಟ್ಟುತ್ತದೆ.

ಮೊದಲ ಅರ್ಧ ಗಂಟೆ

ಫೋಟೋ ಆಮೇಲೆ. ಮೀನು ಒಳಗೆ ಬಂದ ಕೂಡಲೇ ಒದ್ದೆ ಬಟ್ಟೆಯಿಂದ ಅದರ ಕಣ್ಣು ಮುಚ್ಚಿ. ಒದ್ದಾಟ ಬಹಳಷ್ಟು ಕಡಿಮೆಯಾಗುತ್ತದೆ. ಕೆಳಗೆ ಮೆತ್ತನೆಯ ಚಾಪೆ ಇರಲಿ, ಬರೀ ಹಲಗೆಗೆ ಬಡಿದುಕೊಂಡರೆ ಮಾಂಸ ಜಜ್ಜುತ್ತದೆ.

ಈಗ ಸಲಾಕೆ. ತಲೆಯ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವೆ ಸ್ವಲ್ಪ ಹಿಂದಕ್ಕೆ, ಮಸುಕಾಗಿ ಕಾಣುವ ಮೆತ್ತನೆಯ ಒಂದು ಜಾಗವಿದೆ. ಅಲ್ಲಿಂದ ಹಿಂದಕ್ಕೆ ಓರೆಯಾಗಿ ಚುಚ್ಚಿದರೆ ಮಿದುಳಿಗೆ ತಲುಪುತ್ತದೆ. ಮೀನು ಒಮ್ಮೆ ನಡುಗಿ, ಬಾಯಿ ತೆರೆದು ಸಡಿಲವಾಗುತ್ತದೆ. ಇದು ಅದಕ್ಕೆ ಸಿಗುವ ಅತಿ ಕಡಿಮೆ ನೋವಿನ ಸಾವು. ಆಮೇಲೂ ಹೃದಯ ಕೆಲ ಹೊತ್ತು ಬಡಿಯುತ್ತದೆ. ರಕ್ತ ಬಸಿಯಲು ಇದೇ ಸಮಯ.

ಪಕ್ಕದ ಉದ್ದ ರೆಕ್ಕೆಯನ್ನು ಮೈಗೆ ಒತ್ತಿ ನೋಡಿ. ಅದು ಕೂರುವ ಒಂದು ತಗ್ಗು ಕಾಣುತ್ತದೆ. ರೆಕ್ಕೆಯ ಬುಡದಿಂದ ಮೂರು ಬೆರಳಷ್ಟು ಹಿಂದೆ, ಆ ತಗ್ಗಿನೊಳಗೆ, ಮೇಲಿಂದ ಕೆಳಕ್ಕೆ 2ರಿಂದ 3 ಸೆಂಟಿಮೀಟರ್ ಆಳದ ಗಾಯ ಮಾಡಿ. ಚರ್ಮದ ಹತ್ತಿರವೇ ಹರಿಯುವ ದಪ್ಪ ರಕ್ತನಾಳ ಕಡಿದು ರಕ್ತ ಚಿಮ್ಮುತ್ತದೆ. ಇನ್ನೊಂದು ಪಕ್ಕಕ್ಕೂ ಹಾಗೇ ಮಾಡಿ. ಕಿವಿರಿನ ಮುಚ್ಚಳ ಎತ್ತಿ ಒಳಗಿನ ಕಿವಿರುಗಳ ಬುಡವನ್ನೂ ಕತ್ತರಿಸಿ. ಹತ್ತು ನಿಮಿಷ ಸಮುದ್ರದ ನೀರು ಹಾಯಿಸುತ್ತ ಇರಿ. ನೀರು ಕೆಂಪು ಬಿಡುವುದು ನಿಂತರೆ ಆಯಿತು. ಚಿಕ್ಕ ಸ್ಕಿಪ್‌ಜ್ಯಾಕ್‌ಗೆ ಇಷ್ಟೆಲ್ಲ ಬೇಡ, ಕಿವಿರು ಕತ್ತರಿಸಿ ಸಮುದ್ರದ ನೀರಿನ ಬಕೆಟ್ಟಿಗೆ ತಲೆಕೆಳಗಾಗಿ ಇಟ್ಟರೆ ಸಾಕು.

ದೊಡ್ಡ ಮೀನಾದರೆ ಸಲಾಕೆ ಮಾಡಿದ ತೂತಿನಿಂದಲೇ ತಂತಿಯನ್ನು ಬೆನ್ನುಮೂಳೆಯ ಮೇಲಿನ ನಾಳದೊಳಗೆ ಬಾಲದ ಕಡೆಗೆ ನೂಕಿ. ಮಿದುಳು ಸತ್ತರೂ ಬೆನ್ನುಹುರಿ ಸ್ನಾಯುಗಳಿಗೆ ಸಂಕೇತ ಕಳಿಸುತ್ತಲೇ ಇರುತ್ತದೆ. ಅದು ನಿಂತರೆ ಮಾಂಸ ಸೆಟೆದುಕೊಳ್ಳುವುದು ತಡವಾಗುತ್ತದೆ, ಬಿಸಿಯೂ ಹುಳಿಯೂ ಹೆಚ್ಚುವುದಿಲ್ಲ. ಜಪಾನಿನ ಮೀನುಗಾರರು ಪಳಗಿಸಿದ ಈ ವಿಧಾನ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಮೊದಲ ಸಲ ತಂತಿ ಹೋಗದಿದ್ದರೆ ಅದಕ್ಕಾಗಿ ಹೊತ್ತು ಕಳೆಯಬೇಡಿ, ಐಸೇ ಮುಖ್ಯ.

ಆಮೇಲೆ ಕರುಳು ಮತ್ತು ಕಿವಿರು ಪೂರ್ತಿ ತೆಗೆಯಿರಿ. ಹೊಟ್ಟೆಯನ್ನು ಉದ್ದಕ್ಕೂ ಸೀಳುವುದು ಬೇಡ, ಕೈ ಹೋಗುವಷ್ಟು ಸೀಳಿದರೆ ಸಾಕು. ಸಮುದ್ರದ ನೀರಿನಲ್ಲೇ ತೊಳೆಯಿರಿ.

ಐಸ್ ನೀರನ್ನು ಮುಂಚೆಯೇ ಕಲಸಿಟ್ಟಿರಬೇಕು: ಎರಡು ಪಾಲು ಪುಡಿ ಐಸ್, ಒಂದು ಪಾಲು ಸಮುದ್ರದ ನೀರು. ಉಪ್ಪು ಇರುವುದರಿಂದ ಇದು 0 ಡಿಗ್ರಿಗಿಂತಲೂ ಸ್ವಲ್ಪ ಕೆಳಗೆ ಇಳಿಯುತ್ತದೆ. ನೀರಿಲ್ಲದ ಬರೀ ಐಸಿನ ತುಂಡುಗಳ ಮೇಲೆ ಮೀನು ಇಟ್ಟರೆ ತುಂಡು ತಾಗಿದ ಕಡೆ ಮಾತ್ರ ತಣ್ಣಗಾಗುತ್ತದೆ, ನಡುವೆ ಗಾಳಿ. ಐಸ್ ನೀರು ಮೈಯೆಲ್ಲ ತಬ್ಬಿಕೊಳ್ಳುತ್ತದೆ. ಮೀನಿನ ಹೊಟ್ಟೆಯೊಳಗೂ ಐಸ್ ತುಂಬಿ. ಕರಗಿದಂತೆ ನೀರು ಬಸಿದು ಹೊಸ ಐಸ್ ಸೇರಿಸುತ್ತಿರಿ. ದೊಡ್ಡ ಮೀನಿನ ನಡುಭಾಗ ತಣ್ಣಗಾಗಲು ಬಹಳ ಗಂಟೆಗಳೇ ಬೇಕು. ಹೊರಮೈ ಮುಟ್ಟಿ ತಣ್ಣಗಿದೆ ಅಂದುಕೊಂಡರೆ ಮೋಸ ಹೋಗುತ್ತೀರಿ.

ಬೇಯಿಸಿದರೂ ಹೋಗದ ವಿಷ

ಐಸಿಗೆ ಇಷ್ಟು ಒತ್ತು ಕೊಡುವುದು ಬರೀ ರುಚಿಗಾಗಿ ಅಲ್ಲ. ಟ್ಯೂನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ ಇದೆ. ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ, ಸುಟ್ಟರೂ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ವಾಸನೆಯಿಂದ ಗೊತ್ತಾಗಲೇಬೇಕು ಅಂತಲೂ ಇಲ್ಲ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತಲೆನೋವು, ಎದೆಬಡಿತ, ಮೈಮೇಲೆ ದದ್ದು, ಭೇದಿ ಶುರುವಾಗಬಹುದು. ಎಷ್ಟೋ ಜನ ಇದನ್ನು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ತುತ್ತು ಬಾಯಿಗಿಟ್ಟಾಗ ಮೆಣಸಿನಂತೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ವೈದ್ಯರು ಕೊಡುವ ಆಂಟಿಹಿಸ್ಟಮಿನ್‌ನಿಂದ ಸಾಮಾನ್ಯವಾಗಿ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ದೋಣಿಯಿಂದ ಒಲೆಯವರೆಗೆ ಮೀನು 4 ಡಿಗ್ರಿಯ ಮೇಲೆ ಹೋಗದಿದ್ದರೆ ಈ ಭಯ ಬೇಕಿಲ್ಲ. ಐಸ್ ಮುಗಿದು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಬಿದ್ದಿದ್ದ ಟ್ಯೂನ ಎಷ್ಟೇ ದೊಡ್ಡದಿರಲಿ, ಎಸೆಯಿರಿ.

ತುಂಡು ಮಾಡುವುದು

ಅವತ್ತೇ ತಿನ್ನುವ ಆಸೆ ಸಹಜ ಅಲ್ವಾ? ಚಿಕ್ಕ ಮೀನನ್ನು ತಿನ್ನಿ, ತೊಂದರೆಯಿಲ್ಲ. 20–30 ಕಿಲೋ ತೂಗುವ ಮೀನನ್ನು ಮಾತ್ರ ಒಂದು ದಿನ ಐಸಿನಲ್ಲೇ ಬಿಡಿ ಎನ್ನುತ್ತೇನೆ. ಸೆಟೆದುಕೊಂಡಿರುವಾಗ ಕೊಯ್ದರೆ ಮಾಂಸ ಮುದುಡಿ ಸೀಳು ಬಿಡುತ್ತದೆ. ಸಡಿಲವಾದ ಮೇಲೆ ಚಾಕು ಸಲೀಸಾಗಿ ಹೋಗುತ್ತದೆ, ರುಚಿಯೂ ಬಲಿತಿರುತ್ತದೆ.

ಟ್ಯೂನದಿಂದ ನಾಲ್ಕು ಉದ್ದನೆಯ ಪಾಲು ಬರುತ್ತವೆ, ಬೆನ್ನಿನವು ಎರಡು, ಹೊಟ್ಟೆಯವು ಎರಡು. ತಲೆಯ ಹಿಂದೆ ಬೆನ್ನುಮೂಳೆಯವರೆಗೆ ಒಂದು ಕೊಯ್ತ, ಬಾಲದ ಹತ್ತಿರ ಇನ್ನೊಂದು. ಪಕ್ಕದ ನಡುಗೆರೆಯ ಗುಂಟ ತಲೆಯಿಂದ ಬಾಲದವರೆಗೆ ಮೂಳೆ ತಾಗುವಷ್ಟು ಆಳಕ್ಕೆ ಸೀಳಿ. ಈಗ ಬೆನ್ನಿನ ರೆಕ್ಕೆಯ ಪಕ್ಕದಿಂದ ಮೂಳೆಯ ಗುಂಟ ಚಾಕು ನಡೆಸಿದರೆ ಬೆನ್ನಿನ ಪಾಲು ಬಿಡಿಸಿಕೊಳ್ಳುತ್ತದೆ. ಹೊಟ್ಟೆಯ ಪಾಲಿಗೂ ಹಾಗೇ. ತಿರುಗಿಸಿ ಇನ್ನೊಂದು ಪಕ್ಕ ಮಾಡಿ. ಚರ್ಮ ತೆಗೆದ ಮೇಲೆ ಒಂದಂಚಿನಲ್ಲಿ ಕಡುಗಪ್ಪು ಕೆಂಪಿನ ಪಟ್ಟಿ ಕಾಣುತ್ತದೆ. ಇದರ ರುಚಿ ಕಟು, ಬೇಗ ಕೆಡುತ್ತದೆ. ಕತ್ತರಿಸಿ ಬೇರೆ ಇಡಿ. ಮೂಳೆಗೆ ಅಂಟಿದ ಮಾಂಸವನ್ನು ಚಮಚದಿಂದ ಕೆರೆದುಕೊಳ್ಳಿ, ಅದು ಬಲು ರುಚಿ.

ಕೊಯ್ದ ಮಾಂಸಕ್ಕೆ ಸಿಹಿನೀರು ತಾಗಿಸಬೇಡಿ. ಬಣ್ಣವೂ ಸ್ವಾದವೂ ನೀರಿಗೆ ಹೋಗುತ್ತವೆ. ಒಣ ಬಟ್ಟೆಯಿಂದ ಅಥವಾ ಟಿಶ್ಯೂ ಕಾಗದದಿಂದ ಒತ್ತಿ, ಅದರಲ್ಲೇ ಸುತ್ತಿ, ಚೀಲದಲ್ಲಿಟ್ಟು ಐಸಿನ ಮೇಲಿಡಿ. ಸುಡುವುದಕ್ಕೆ 3ರಿಂದ 4 ಸೆಂಟಿಮೀಟರ್ ದಪ್ಪದ ತುಂಡುಗಳೇ ಬೇಕು. ತೆಳ್ಳಗೆ ಕೊಯ್ದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೂ ಒಣಗಿಹೋಗಿರುತ್ತದೆ.

ಕೆಂಡದ ಮೇಲೆ

ಇದ್ದಿಲು ಪೂರ್ತಿ ಹೊತ್ತಿ, ಮೇಲೆ ತೆಳು ಬೂದಿ ಕಟ್ಟುವವರೆಗೆ ಕಾಯಿರಿ. ಜಾಲರಿಯ ಮೇಲೆ ಗೇಣಿಗಿಂತ ತುಸು ಕಡಿಮೆ ಎತ್ತರದಲ್ಲಿ ಅಂಗೈ ಹಿಡಿದರೆ ಎರಡು ಮೂರು ಸೆಕೆಂಡಿಗಿಂತ ತಾಳಬಾರದು, ಅಷ್ಟು ಬಿಸಿ ಇರಬೇಕು. ಜಾಲರಿಯನ್ನು ಉಜ್ಜಿ ಸ್ವಚ್ಛ ಮಾಡಿ, ಅದೂ ಚೆನ್ನಾಗಿ ಕಾಯಲಿ. ತಣ್ಣನೆಯ ಅಥವಾ ಕೊಳೆಯಾದ ಜಾಲರಿಗೆ ಟ್ಯೂನ ಅಂಟಿಕೊಂಡೇ ತೀರುತ್ತದೆ.

ತುಂಡನ್ನು ಒತ್ತಿ ಒರೆಸಿ ಪೂರ್ತಿ ಒಣಗಿಸಿ. ಎಣ್ಣೆಯನ್ನು ಜಾಲರಿಗಲ್ಲ, ಮೀನಿಗೆ ಸವರಿ. ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ. ಇಷ್ಟು ತಾಜಾ ಮೀನಿಗೆ ಇದಕ್ಕಿಂತ ಜಾಸ್ತಿ ಏನೂ ಬೇಡ ಎಂಬುದು ನನ್ನ ಗಟ್ಟಿ ನಂಬಿಕೆ. ನಿಂಬೆರಸದಲ್ಲಿ ನೆನೆಸಲೇಬೇಕು ಎನ್ನುವವರು ಕಾಲು ಗಂಟೆ ಮೀರಬೇಡಿ, ಹುಳಿ ಮಾಂಸವನ್ನು ಬಿಳಿಚಿಸಿ ಗಟ್ಟಿ ಮಾಡುತ್ತದೆ. ಸಕ್ಕರೆ, ಜೇನು ಇರುವ ಸಾಸನ್ನು ಕೊನೆಗೆ ಸವರಿ, ಮೊದಲೇ ಹಾಕಿದರೆ ಕರಕಲಾಗುತ್ತದೆ.

ಕೆಂಡದ ಮೇಲಿಟ್ಟ ಮೇಲೆ ಮುಟ್ಟಬೇಡಿ. ಒಂದೂವರೆಯಿಂದ ಎರಡು ನಿಮಿಷ. ಸುಟ್ಟ ಪದರ ಕಟ್ಟಿದರೆ ತುಂಡು ತಾನೇ ಜಾಲರಿ ಬಿಡುತ್ತದೆ. ಬಿಡದಿದ್ದರೆ ಇನ್ನು ಅರ್ಧ ನಿಮಿಷ ತಾಳಿ, ಕೆರೆಯಬೇಡಿ. ತಿರುಗಿಸಿ ಇನ್ನೊಂದು ಬದಿಗೂ ಅಷ್ಟೇ ಹೊತ್ತು. ಬದಿಯಿಂದ ನೋಡಿದರೆ ಬಿಳಿಯ ಪಟ್ಟಿ ಎರಡೂ ಕಡೆಯಿಂದ ಒಳಕ್ಕೆ ಹಬ್ಬುವುದು ಕಾಣುತ್ತದೆ. ನಡುವೆ ಕೆಂಪು ಉಳಿದಿರುವಾಗಲೇ ತೆಗೆಯಿರಿ. ಥರ್ಮಾಮೀಟರ್ ಇದ್ದರೆ ನಡುಭಾಗ 45 ಡಿಗ್ರಿಯ ಆಸುಪಾಸಿನಲ್ಲಿ ಕೆಂಪಾಗಿಯೇ ಇರುತ್ತದೆ, 52ರ ಹೊತ್ತಿಗೆ ಗುಲಾಬಿ. ಒಲೆಯಿಂದ ತೆಗೆದ ಮೇಲೂ ಮೂರು ನಾಲ್ಕು ಡಿಗ್ರಿ ಏರುವುದರಿಂದ ಸ್ವಲ್ಪ ಮುಂಚೆಯೇ ತೆಗೆಯಬೇಕು. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ತಿನ್ನುವ ತುಂಡು 63 ಡಿಗ್ರಿ ಮುಟ್ಟಲೇಬೇಕು. ಅವರ ತುಂಡನ್ನು ಕೆಂಡ ಕಡಿಮೆ ಇರುವ ಪಕ್ಕಕ್ಕೆ ಸರಿಸಿ ನಿಧಾನ ಬೇಯಿಸಿ, ಮೇಲೆ ಎಣ್ಣೆ ಸವರಿದರೆ ಅಷ್ಟೊಂದು ಒಣಗುವುದಿಲ್ಲ.

ಎರಡು ಮೂರು ನಿಮಿಷ ಹಾಗೇ ಬಿಟ್ಟು, ಎಳೆಗಳಿಗೆ ಅಡ್ಡಲಾಗಿ ಬೆರಳ ದಪ್ಪಕ್ಕೆ ಹೋಳು ಮಾಡಿ. ನಿಂಬೆ ಹಿಂಡುವುದು ಈಗ.

ಹೊಟ್ಟೆಯ ತುಂಡಿಗೆ ಈ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಕೊಬ್ಬು ಜಾಸ್ತಿ, ಕೆಂಡಕ್ಕೆ ತೊಟ್ಟಿಕ್ಕಿ ಬೆಂಕಿ ಏಳುತ್ತದೆ. ಮಧ್ಯಮ ಬಿಸಿಯಲ್ಲಿ ಪೂರ್ತಿ ಬೇಯಿಸಿದರೂ ರಸ ಆರುವುದಿಲ್ಲ. ಕಿವಿರಿನ ಹಿಂದಿನ ಮೂಳೆಪಟ್ಟಿಯನ್ನು ಎಷ್ಟೋ ಜನ ಎಸೆದುಬಿಡುತ್ತಾರೆ. ಅದಕ್ಕೆ ಉಪ್ಪು ಸವರಿ, ಕೆಂಡವಿಲ್ಲದ ಪಕ್ಕದಲ್ಲಿಟ್ಟು ಮುಚ್ಚಳ ಮುಚ್ಚಿ. ಮಾಂಸ ಮೂಳೆಯಿಂದ ಬಿಡುವವರೆಗೆ ಬಿಟ್ಟು, ಕೊನೆಗೆ ಚರ್ಮದ ಬದಿಯನ್ನು ಕೆಂಡದ ಮೇಲೆ ಗರಿಗರಿ ಮಾಡಿ. ಇಡೀ ಮೀನಿನಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ಉಳಿದ ಹಸಿ ಮಾಂಸವನ್ನು ಎರಡು ಮೂರು ದಿನ ಐಸಿನಲ್ಲಿಡಬಹುದು, ಕಾಗದ ಒದ್ದೆಯಾದಂತೆ ಬದಲಿಸಿ. ಮೇಲ್ಮೈ ಕಂದಾದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ, ಗಾಳಿ ತಾಗಿದರೆ ಕೆಂಪು ಹಾಗೆ ತಿರುಗುತ್ತದೆ. ಲೋಳೆ ಬಂದರೆ, ಹುಳಿ ವಾಸನೆ ಬಂದರೆ ಬೇಡ. ಮನೆಯ ಫ್ರೀಜರಿಗೆ ಹಾಕುವುದಾದರೆ ಗಾಳಿ ಪೂರ್ತಿ ತೆಗೆದ ಚೀಲದಲ್ಲಿ, ಒಂದು ಊಟಕ್ಕಾಗುವಷ್ಟು ತುಂಡುಗಳಾಗಿ ಹಾಕಿ. ಕರಗಿಸುವಾಗ ಹಿಂದಿನ ರಾತ್ರಿಯೇ ತೆಗೆದು, ಫ್ರಿಜ್ಜಿನೊಳಗೆ ಒಣ ಕಾಗದದ ಮೇಲಿಡಿ, ಬಿಸಿನೀರಿಗೆ ಹಾಕಬೇಡಿ.